ಗ್ರೀಸಿನ ತರುಣನೂ ಇಂಗ್ಲೆಂಡಿನ ಕಾಲ್ಚೆಂಡು ಸಂಘವೂ

ಸಂಜೆಯಾಗುತ್ತಲೇ ಮನೆಯ ಹುಡುಗನು ಪುಸ್ತಕವನ್ನು ಮಡಿಸಿಟ್ಟು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಬಯಲಿಗೆ ಓಡಿದರೆ ನಾವು ಹಿರಿಯರು ಗದರಿಸುವುದು ವಾಡಿಕೆ. ‘ಆಟವೇನು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?’ ಎಂಬ ಪ್ರಶ್ನೆಯನ್ನು ನಮ್ಮ ತಂದೆತಾಯಿಗಳು ನಮಗೆ ಹಾಕಿದರು. ನಾವು ನಮ್ಮ ಮಕ್ಕಳಿಗೆ ಹಾಕುತ್ತಿದ್ದೇವೆ. ಯುರೋಪು ಖಂಡದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವು ನಮ್ಮನ್ನು ಬೆರಗುಗೊಳಿಸುವಂಥದು. ಅಲ್ಲಿ ಹದಿನೆಂಟು ವರ್ಷದ ಒಬ್ಬ ಹುಡುಗನ ಕಾಲಿಗೆ ಕೋಟಿಗಟ್ಟಲೆ ಹಣ ಬೆಲೆ ಕಟ್ಟುವರು. ಆದರೆ ಹಣದ ಮೊತ್ತವನ್ನು ಕೇಳಿ ಬೆರಗಾದ ಮೇಲೆ ವಿವೇಕಿಗಳಾದ ವಾಚಕರು ಇನ್ನೊಂದು ಪ್ರಶ್ನೆಯನ್ನು ಕೇಳದೆ ಇರಲಾರರು: ಆ ಹುಡುಗನ ಗತಿಯೇನು? ಈ ಎರಡನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾವು ಉದಾಹರಣೆಗಾಗಿ ಆರಿಸಿಕೊಂಡಿರುವ ತರುಣನ ಹೆಸರು ಹರಾಲಂಬೊಸ್ ಕೊಸ್ತೂಲಾಸ್. ಗ್ರೀಸ್ ದೇಶದವನು. ಹುಟ್ಟಿದ್ದು 2007ನೆಯ ಇಸವಿಯ ಮೇ 30ರಂದು. ತಂಡದ ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವುದು ಅವನ ಕೆಲಸ. ಅವನನ್ನು ಬೆಳೆಯಿಸಿದ್ದು ಒಲಿಂಪಿಯಾಕೊಸ್ ಎಂಬ ಸಂಘ. ಅಥೆನ್ಸ್ ನಗರದ ಬಂದರಾದ ಪಿರೇಯಸ್‌ನಲ್ಲಿ 1925ರಲ್ಲಿ ಹುಟ್ಟಿದ ಈ ಸಂಘದ ಲಾಂಛನದಲ್ಲಿ ತಲೆಗೆ ಎಲೆಯ ಕಿರೀಟ ತೊಟ್ಟ ಒಬ್ಬ ಯುವಕನ ಮುಖವಿದೆ. ಪ್ರಾಚೀನ ಒಲಿಂಪಿಕ್ ಪಂದ್ಯಗಳಲ್ಲಿ ಗೆದ್ದವನ ಮುಖವದು. ತಾರುಣ್ಯವನ್ನೇ ಲಾಂಛನವಾಗಿ ಧರಿಸಿದ ಸಂಘದಲ್ಲಿ ಈ ತರುಣನು ಬೆಳೆದನೆಂಬುದು ಒಪ್ಪುವ ಮಾತೇ ಸರಿ.

2024ನೆಯ ಇಸವಿಯು ಆ ಸಂಘದ ಪಾಲಿಗೆ ಸುವರ್ಣ ವರ್ಷವಾಯಿತು. ಏಪ್ರಿಲ್ ತಿಂಗಳಿನಲ್ಲಿ ಸ್ವಿಟ್ಜರ್ಲೆಂಡಿನ ನ್ಯೋನ್ ಊರಿನಲ್ಲಿ ನಡೆದ ಯುರೋಪಿನ ಕಿರಿಯರ ಲೀಗಿನ ಕೊನೆಯ ಪಂದ್ಯದಲ್ಲಿ ಅದರ ಹುಡುಗರು ಇಟಲಿಯ ಮಿಲಾನ್ ತಂಡವನ್ನು 3–0ರಿಂದ ಸೋಲಿಸಿದರು. ಕೊಸ್ತೂಲಾಸನು ಆ ಹುಡುಗರಲ್ಲಿ ಒಬ್ಬ. ಮರುತಿಂಗಳು ಅದೇ ಸಂಘದ ಹಿರಿಯರು ಅಥೆನ್ಸಿನಲ್ಲಿ ಫಿಯೊರೆಂಟಿನಾ ತಂಡವನ್ನು 1–0ರಿಂದ ಸೋಲಿಸಿ ಕಾನ್ಫರೆನ್ಸ್ ಲೀಗ್ ಬಟ್ಟಲನ್ನು ಗೆದ್ದರು. ಗ್ರೀಸಿನ ಸಂಘವೊಂದು ಯುರೋಪಿನ ಬಟ್ಟಲನ್ನು ಗೆದ್ದುದು ಅದೇ ಮೊದಲು. ಇದರ ಬೆನ್ನಿಗೇ ಕೊಸ್ತೂಲಾಸನು ಹಿರಿಯರ ತಂಡಕ್ಕೆ ಬಂದನು. ಇನ್ನೂ ಹದಿನೇಳರ ಹರೆಯದಲ್ಲಿಯೇ ಆ ವರ್ಷದ ಗ್ರೀಕ್ ಲೀಗಿನಲ್ಲಿ 7 ಗೋಲುಗಳನ್ನು ಹೊಡೆದನು. ಸಂಘವು ಲೀಗನ್ನೂ ಗ್ರೀಕ್ ಕಪ್ಪನ್ನೂ ಗೆದ್ದಿತು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮೊಳಕೆಯನ್ನು ನೋಡಿ ಸಿರಿಯನ್ನು ಊಹಿಸುವುದನ್ನೇ ಕಸುಬಾಗಿ ಮಾಡಿಕೊಂಡ ಸಂಘವೊಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿದೆ. ಅದರ ಹೆಸರು ಬ್ರೈಟನ್ ಆಂಡ್ ಹೋವ್ ಆಲ್ಬಿಯನ್. ಇದರ ಚರಿತ್ರೆಯನ್ನು ಸ್ವಲ್ಪ ತಿಳಿದರೆ ಈ ಬೆನ್ನಟ್ಟುವಿಕೆಯ ಗುಟ್ಟು ತಿಳಿಯುತ್ತದೆ.

1901ರಲ್ಲಿ ಸ್ಥಾಪಿತವಾದ ಈ ಸಂಘವು 1997ರಲ್ಲಿ ಬೀದಿಗೆ ಬಿದ್ದಿತ್ತು ಎಂದರೆ ಅತಿಶಯೋಕ್ತಿಯಲ್ಲ. ಅಂದಿನ ಆಡಳಿತದವರು ಸಂಘದ ಹಳೆಯ ಬಯಲನ್ನು ಮಾರಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಹೆರೆಫೋರ್ಡ್ ಊರಿನಲ್ಲಿ ಕೊನೆಯ ಪಂದ್ಯವನ್ನು 1–1ರಲ್ಲಿ ಸಮ ಮಾಡಿಕೊಂಡದ್ದರಿಂದ ಲೀಗಿನಿಂದ ಹೊರಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಆ ಮೇಲೆ ಎರಡು ವರ್ಷ ಸುಮಾರು 70 ಮೈಲು ದೂರದ ಜಿಲ್ಲಿಂಗ್‌ಹ್ಯಾಮ್ ಊರಿನ ಬಯಲಿನಲ್ಲಿ ಬಾಡಿಗೆಯ ವಾಸ. ಅನಂತರ 2011ರ ತನಕ ಓಟದ ಸ್ಪರ್ಧೆಗಳಿಗಾಗಿ ಕಟ್ಟಿದ ಸಣ್ಣ ಕ್ರೀಡಾಂಗಣವೊಂದರಲ್ಲಿ ಬಿಡಾರ. 2009ರಲ್ಲಿ ಟೋನಿ ಬ್ಲೂಮ್ ಎಂಬವರು ಸಂಘದ ಅಧ್ಯಕ್ಷರಾದರು. ಅವರು ಅಂಕಿ ಅಂಶಗಳ ಲೆಕ್ಕಾಚಾರದಿಂದ ಪಂದ್ಯಗಳ ಪಣದ ವ್ಯವಹಾರದಲ್ಲಿ ಹಣ ಗಳಿಸಿದವರು. 2011ರಲ್ಲಿ ಹೊಸ ಕ್ರೀಡಾಂಗಣವಾಯಿತು. 2017ರಲ್ಲಿ ಸಂಘವು ಇಂಗ್ಲೆಂಡಿನ ಅತ್ಯುಚ್ಚ ಶ್ರೇಣಿಗೆ ಏರಿತು.

ಆದರೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಲಂಡನ್ ನಗರಗಳ ಸಿರಿವಂತ ಸಂಘಗಳೊಡನೆ ಹಣಕ್ಕೆ ಹಣ ಹಾಕಿ ಸ್ಪರ್ಧಿಸುವ ಶಕ್ತಿ ಇದಕ್ಕೆಲ್ಲಿಂದ ಬರಬೇಕು? ಆದಕಾರಣ ಇದು ಬೇರೊಂದು ದಾರಿಯನ್ನು ಹಿಡಿಯಿತು. ಹೆಸರಾದವರನ್ನು ಕೊಳ್ಳುವುದಲ್ಲ, ಹೆಸರಾಗಲಿರುವವರನ್ನು ಕೊಳ್ಳುವುದು. ಇಕ್ವೆಡಾರ್ ದೇಶದ ಮೊಯ್ಸೆಸ್ ಕಾಯ್ಸೆದೊ ಎಂಬ ಹುಡುಗನನ್ನು 2021ರಲ್ಲಿ ಸುಮಾರು 40 ಲಕ್ಷ ಪೌಂಡುಗಳಿಗೆ ತಂದು, 2023ರಲ್ಲಿ ಚೆಲ್ಸಿ ಸಂಘಕ್ಕೆ 10 ಕೋಟಿ ಪೌಂಡುಗಳಿಗೂ ಮಿಕ್ಕಿದ ಬೆಲೆಗೆ ಬಿಟ್ಟುಕೊಟ್ಟಿತು. ಅಂದಿನ ಮಟ್ಟಿಗೆ ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ವರ್ಗಾವಣೆ ನಡೆದಿರಲಿಲ್ಲ. ಒಕ್ಕಲಿಗನು ಬೀಜವನ್ನು ಆರಿಸುವಂತೆ ದೂರದೇಶಗಳ ಲೀಗುಗಳಲ್ಲಿ ಆಡುವ ಎಳೆಯರ ಓಟ, ತಿರುವು, ಗುರಿ, ತಪ್ಪುಗಳನ್ನೆಲ್ಲ ಲೆಕ್ಕವಿಟ್ಟು, ಬಳಿಕ ಮನುಷ್ಯರನ್ನು ಕಳುಹಿಸಿ ಕಣ್ಣಾರೆ ನೋಡಿಸಿ ಆರಿಸುವುದು ಅದರ ಕ್ರಮ.

ಇಂತಹ ಸಂಘದ ದೃಷ್ಟಿಯು ಗ್ರೀಸಿನ ಕಡೆಗೆ ತಿರುಗಿತು. ಮೊದಲು ಅದು ಹಿಡಿದದ್ದು ಕೊಸ್ತೂಲಾಸನನ್ನಲ್ಲ. ಸ್ತೆಫಾನೊಸ್ ತ್ಸೀಮಾಸ್ ಎಂಬ ಇನ್ನೊಬ್ಬ ತರುಣನನ್ನು. ಇವನು 2006ರ ಜನವರಿಯಲ್ಲಿ ಹುಟ್ಟಿದವನು. ಥೆಸಲೋನಿಕಿ ನಗರದ ಪಾವೊಕ್ ಸಂಘದವನು. ಕಾನ್‌ಸ್ಟಾಂಟಿನೋಪಲಿನಿಂದ ನಿರಾಶ್ರಿತರಾಗಿ ಬಂದ ಗ್ರೀಕರು 1926ರಲ್ಲಿ ಕಟ್ಟಿಕೊಂಡ ಸಂಘವದು. ಅಲ್ಲಿಂದ ಈ ಹುಡುಗನು ಜರ್ಮನಿಯ ನ್ಯೂರೆಂಬರ್ಗ್ ಸಂಘಕ್ಕೆ ಎರವಲಾಗಿ ಹೋದನು. ಅಲ್ಲಿ ಅವನಿಗೆ ದೊರೆತ ಗುರು ಮಿರೋಸ್ಲಾವ್ ಕ್ಲೋಸೆ. ವಿಶ್ವಕಪ್ ಪಂದ್ಯಗಳಲ್ಲಿ 16 ಗೋಲು ಹೊಡೆದ ಮಹಾ ಆಟಗಾರ. ಶಿಷ್ಯನು 2024–25ರಲ್ಲಿ ಜರ್ಮನಿಯ ಎರಡನೆಯ ಶ್ರೇಣಿಯ ಲೀಗಿನಲ್ಲಿ 12 ಗೋಲುಗಳನ್ನು ಹೊಡೆದು ಗುರುವಿನ ಹೆಸರನ್ನು ಉಳಿಸಿದನು. 2025ರ ಫೆಬ್ರವರಿಯಲ್ಲಿ ಬ್ರೈಟನ್ ಅವನನ್ನು ಕೊಂಡಿತು. ಆದರೆ ಆ ಋತು ಮುಗಿಯುವ ತನಕ ನ್ಯೂರೆಂಬರ್ಗಿನಲ್ಲಿಯೇ ಬಿಟ್ಟಿತು. ಸಸಿಯನ್ನು ಕೊಂಡವನು ಅದನ್ನು ಆ ಕೂಡಲೇ ಕೀಳದೆ, ಬೇರು ಬಲಿಯುವಷ್ಟು ಕಾಲ ಮಡಿಯಲ್ಲಿಯೇ ಇರಗೊಟ್ಟಂತಾಯಿತು.

ಕೊಸ್ತೂಲಾಸನ ವಿಷಯದಲ್ಲಾದರೋ ಹಣವೊಂದೇ ಸಾಲದು, ಕಾಲವೂ ಕೂಡಿಬರಬೇಕಾಗಿತ್ತು. ಇಲ್ಲಿ ನಮ್ಮ ವಾಚಕರು, ಅದರಲ್ಲಿಯೂ ಗಂಡುಮಕ್ಕಳ ತಾಯ್ತಂದೆಗಳು, ತಿಳಿದಿರಬೇಕಾದ ನಿಯಮವೊಂದಿದೆ. ಜಗತ್ತಿನ ಕಾಲ್ಚೆಂಡಾಟವನ್ನು ಆಳುವ ಫಿಫಾ ಸಂಸ್ಥೆಯ ಕಟ್ಟಳೆಗಳ 19ನೆಯ ವಿಧಿಯಂತೆ, 18 ವರ್ಷ ತುಂಬದ ಆಟಗಾರನನ್ನು ಒಂದು ದೇಶದ ಸಂಘದಿಂದ ಇನ್ನೊಂದು ದೇಶದ ಸಂಘಕ್ಕೆ ವರ್ಗಾಯಿಸಕೂಡದು. ಇದಕ್ಕೆ ಕೆಲವು ವಿನಾಯಿತಿಗಳುಂಟು. ತಂದೆತಾಯಿಗಳು ಆಟಕ್ಕೆ ಸಂಬಂಧಿಸದ ಬೇರೆ ಕಾರಣದಿಂದ ದೇಶಾಂತರ ಹೋದರೆ ಮಗನು ಅಲ್ಲಿ ಆಡಬಹುದು. ಯುರೋಪಿನ ಒಕ್ಕೂಟದ ಒಳಗಾದರೆ 16 ತುಂಬಿದವನು ಹೋಗಬಹುದು. ಆದರೆ ಅವನನ್ನು ಕರೆದುಕೊಂಡ ಸಂಘವು ಆಟವನ್ನಷ್ಟೇ ಅಲ್ಲದೆ ಓದನ್ನೂ ಕಲಿಸಬೇಕು. ಯೋಗ್ಯವಾದ ವಸತಿಯನ್ನು ಏರ್ಪಡಿಸಬೇಕು. ಅವನ ಕಷ್ಟಸುಖಗಳನ್ನು ವಿಚಾರಿಸುವವರನ್ನು ನೇಮಿಸಬೇಕು.

ಇದು ಕಾಗದದ ಮೇಲಿನ ಮಾತಲ್ಲ. ಇದನ್ನು ಮೀರಿದುದಕ್ಕಾಗಿ 2014ರಲ್ಲಿ ಬಾರ್ಸಿಲೋನಾ, 2016ರಲ್ಲಿ ಮ್ಯಾಡ್ರಿಡ್ ನಗರದ ಎರಡು ದೊಡ್ಡ ಸಂಘಗಳು, 2019ರಲ್ಲಿ ಚೆಲ್ಸಿ, ಹೊಸ ಆಟಗಾರರನ್ನು ನೋಂದಾಯಿಸಕೂಡದೆಂಬ ದಂಡನೆಗೆ ಗುರಿಯಾದುವು. ಈ ನಿಯಮವು ಹುಟ್ಟಿದ್ದು ಸುಮ್ಮನಲ್ಲ. ದೊಡ್ಡ ಸಂಘದ ಆಸೆ ತೋರಿಸಿ ಬಡದೇಶಗಳ ಹುಡುಗರನ್ನು ಪರದೇಶಕ್ಕೆ ಕೊಂಡೊಯ್ದು, ಉಪಯೋಗಕ್ಕೆ ಬಾರದವರನ್ನು ಅಲ್ಲಿಯೇ ಕೈಬಿಟ್ಟ ದಲ್ಲಾಳಿಗಳ ದುಷ್ಕೃತ್ಯಗಳೇ ಇದಕ್ಕೆ ಕಾರಣ. ನಮ್ಮ ದೇಶದ ಹುಡುಗನಿಗೂ ಇದೇ ನಿಯಮ ಅನ್ವಯಿಸುತ್ತದೆ. ‘ಹದಿನೈದು ವರ್ಷದ ನಿಮ್ಮ ಮಗನನ್ನು ಯುರೋಪಿನ ಸಂಘಕ್ಕೆ ಸೇರಿಸಿಕೊಡುತ್ತೇವೆ, ಇಷ್ಟು ಹಣ ಕಟ್ಟಿರಿ’ ಎಂದು ಯಾವನಾದರೂ ಮನೆಯ ಬಾಗಿಲಿಗೆ ಬಂದರೆ ಈ 19ನೆಯ ವಿಧಿಯನ್ನು ಜ್ಞಾಪಿಸಿಕೊಳ್ಳತಕ್ಕದ್ದು.

ಬ್ರಿಟನ್ ದೇಶವು ಯುರೋಪಿನ ಒಕ್ಕೂಟವನ್ನು ಬಿಟ್ಟುದರಿಂದ, 2021ನೆಯ ಜನವರಿ 1ರಿಂದ ಈಚೆಗೆ ಅಲ್ಲಿನ ಸಂಘಗಳಿಗೆ ಹದಿನಾರರ ವಿನಾಯಿತಿಯೂ ತಪ್ಪಿಹೋಯಿತು. ಹಿಂದೆ ಹದಿನಾರು ವರ್ಷದ ಪರದೇಶೀ ಹುಡುಗರನ್ನು ಅಗ್ಗವಾಗಿ ತರುತ್ತಿದ್ದ ಇಂಗ್ಲೆಂಡಿನ ಸಂಘಗಳು ಈಗ ಹದಿನೆಂಟು ತುಂಬುವ ತನಕ ಕಾದು ಕುಳಿತುಕೊಳ್ಳಬೇಕು. ಕಾಯುವಷ್ಟರಲ್ಲಿ ಹುಡುಗನು ಸ್ವದೇಶದಲ್ಲಿ ಹೆಸರು ಮಾಡಿದರೆ ಬೆಲೆ ಏರುತ್ತದೆ. ಆಸೆಪಟ್ಟವರಿಗೆ ಇದು ನಷ್ಟ; ಬೆಳೆಯಿಸಿದವರಿಗೆ ಲಾಭ; ಹುಡುಗನಿಗೆ, ನಮ್ಮ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ದೊಡ್ಡ ಲಾಭ. ತಾಯಿಯ ಕೈಯ ಊಟವನ್ನು ಇನ್ನೆರಡು ವರ್ಷ ಹೆಚ್ಚಾಗಿ ಉಂಡು ಬೆಳೆಯುತ್ತಾನಲ್ಲವೆ?

ಕೊಸ್ತೂಲಾಸನಿಗೆ ಹದಿನೆಂಟು ತುಂಬಿದ್ದು 2025ನೆಯ ಮೇ 30ರಂದು. ಬ್ರೈಟನ್ ಸಂಘವು ಅವನನ್ನು ಕೊಂಡ ಸುದ್ದಿಯನ್ನು ಪ್ರಕಟಿಸಿದ್ದು ಅದರ ಮರುತಿಂಗಳು. ಬೆಲೆ ಸುಮಾರು 3.5 ಕೋಟಿ ಯೂರೋ ಎಂದು ಪತ್ರಿಕೆಗಳು ಬರೆದುವು. ಗ್ರೀಸಿನ ಲೀಗಿನಿಂದ ಅಷ್ಟು ಬೆಲೆಗೆ ಹೊರಹೋದವರು ಅದುವರೆಗೆ ಯಾರೂ ಇಲ್ಲವೆಂದೂ ಹೇಳಿದುವು. ಒಪ್ಪಂದವು 2030ರ ತನಕ, ಐದು ವರ್ಷಗಳದು. ಹದಿನೆಂಟು ತುಂಬದವನೊಡನೆ ಮೂರು ವರ್ಷಕ್ಕಿಂತ ದೀರ್ಘವಾದ ಒಪ್ಪಂದವನ್ನು ಫಿಫಾ ಒಪ್ಪುವುದಿಲ್ಲ. ಐದು ವರ್ಷಗಳಿಗೆ ಹಂಚಿದರೆ ಸಂಘದ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 70 ಲಕ್ಷ ಯೂರೋಗಳ ವೆಚ್ಚ ಬೀಳುತ್ತದೆ.

ಈ ಹಣವೆಲ್ಲ ಮಾರಿದ ಸಂಘದ ಪೆಟ್ಟಿಗೆಗೇ ಸೇರುವುದೆಂದು ತಿಳಿಯಬೇಡಿರಿ. ದೇಶದಿಂದ ದೇಶಕ್ಕೆ ನಡೆಯುವ ವರ್ಗಾವಣೆಯ ಹಣದಲ್ಲಿ ನೂರಕ್ಕೆ ಐದರವರೆಗೆ, ಹುಡುಗನ 12ನೆಯ ವರ್ಷದಿಂದ 23ನೆಯ ವರ್ಷದ ತನಕ ಅವನಿಗೆ ಆಟ ಕಲಿಸಿದ ಎಲ್ಲ ಸಂಘಗಳಿಗೂ ಹಂಚಬೇಕೆಂದು ಇನ್ನೊಂದು ಕಟ್ಟಳೆಯಿದೆ. ಮೊದಲಿನ ನಾಲ್ಕು ವರ್ಷಗಳಿಗೆ ವರ್ಷಕ್ಕೆ ನೂರಕ್ಕೆ ಕಾಲು ಪಾಲು. ಅನಂತರದ ವರ್ಷಗಳಿಗೆ ಅರ್ಧ ಪಾಲು. 3.5 ಕೋಟಿ ಯೂರೋಗಳ ಮೇಲೆ ಕಾಲು ಪಾಲೆಂದರೆ 87,500 ಯೂರೋ. ಹಳ್ಳಿಯ ಸಣ್ಣ ಸಂಘವೊಂದು ಹನ್ನೆರಡು ವರ್ಷದ ಹುಡುಗನಿಗೆ ಒಂದೇ ಒಂದು ವರ್ಷ ಚೆಂಡು ಒದೆಯುವುದನ್ನು ಕಲಿಸಿದ್ದರೂ, ಅವನು ದೊಡ್ಡವನಾಗಿ ಇಂತಹ ಬೆಲೆಗೆ ಹೋದ ದಿನ ಅಷ್ಟು ಹಣವು ಅದರ ಹಕ್ಕಾಗುತ್ತದೆ. ಅಕ್ಷರ ಕಲಿಸಿದ ಮೊದಲ ಗುರುವಿಗೂ ದಕ್ಷಿಣೆಯುಂಟೆಂಬ ಈ ಏರ್ಪಾಡು ನಮಗೆ ಬಹಳ ಹಿಡಿಸಿತು.

ಇನ್ನು ಹುಡುಗರ ಗತಿಯನ್ನು ಕುರಿತು. ಬೆಲೆ ಕಟ್ಟಿದ ಮಾತ್ರಕ್ಕೆ ಬಾಳು ಕಟ್ಟಿದಂತಾಗುವುದಿಲ್ಲ. ಗ್ರೀಸಿನವನೇ ಆದ ಜಾರ್ಜ್ ಸಮರಾಸ್ ಎಂಬವನ ಕಥೆಯನ್ನು ನೋಡಿರಿ. ಕ್ರೀಟ್ ದ್ವೀಪದಲ್ಲಿ 1985ರಲ್ಲಿ ಹುಟ್ಟಿದ ಇವನು ಇನ್ನೂ ಎಳೆಯನಾಗಿದ್ದಾಗಲೇ ಹಾಲೆಂಡಿನ ಹೇರೆನ್‌ವೇನ್ ಸಂಘವನ್ನು ಸೇರಿದನು. ಅಲ್ಲಿಂದ 2006ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ದೊಡ್ಡ ಬೆಲೆಗೆ ಹೋದನು. ಜನರು ನಿರೀಕ್ಷಿಸಿದಷ್ಟು ಗೋಲುಗಳು ಬರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರು ಕೂಸನ್ನೇ ಹಳಿದರು. 2008ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸಂಘಕ್ಕೆ ಹೋದ ಮೇಲೆಯೇ ಅವನಿಗೆ ನೆಲೆಯೂ ಜನರ ಪ್ರೀತಿಯೂ ದೊರೆತುವು. 2014ರ ವಿಶ್ವಕಪ್ಪಿನಲ್ಲಿ ಐವರಿ ಕೋಸ್ಟ್ ಮೇಲೆ, ಕೊನೆಯ ಕ್ಷಣದ ಪೆನಾಲ್ಟಿಯನ್ನು ಗೋಲಾಗಿಸಿ ಗ್ರೀಸನ್ನು ಮುಂದಿನ ಸುತ್ತಿಗೆ ಕೊಂಡೊಯ್ದವನು ಇದೇ ಸಮರಾಸ್. ಒಂದು ನೆಲದಲ್ಲಿ ಬಾಡಿದ ಗಿಡವು ಇನ್ನೊಂದರಲ್ಲಿ ಚಿಗುರಿತು. ಆದರೆ ಅದಕ್ಕೆ ವರ್ಷಗಳು ಹಿಡಿದುವು.

ಬ್ರೈಟನ್ನಿನ ಇಬ್ಬರು ಗ್ರೀಕ್ ತರುಣರಿಗೂ ವಿಧಿಯು ಒಂದೇ ಬಗೆಯಾಗಿ ಒಲಿಯಲಿಲ್ಲ. 2025ರ ಕೊನೆಯ ಭಾಗದಲ್ಲಿ ತ್ಸೀಮಾಸನ ಮೊಣಕಾಲಿನ ಕಟ್ಟಿಗೆ ಗಂಭೀರವಾದ ಪೆಟ್ಟು ಬಿದ್ದು, ಆ ಋತುವಿನ ಉಳಿದ ಆಟವೆಲ್ಲ ಅವನಿಗೆ ತಪ್ಪಿಹೋಯಿತು. ಆಗ ಅವನಿಗಿನ್ನೂ ಹತ್ತೊಂಬತ್ತು. ಕೊಸ್ತೂಲಾಸನಾದರೋ ಬಹುಕಾಲ ಬದಲಿ ಆಟಗಾರರ ಬೆಂಚಿನ ಮೇಲೆ ಕಾದು ಕುಳಿತು, 2026ರ ಜನವರಿಯಲ್ಲಿ ಬೋರ್ನ್‌ಮತ್ ತಂಡದೊಡನೆ ನಡೆದ ಪಂದ್ಯದ ಕಟ್ಟಕಡೆಯಲ್ಲಿ, ಬೆನ್ನು ನೆಲಕ್ಕಾಗುವಂತೆ ಮೇಲಕ್ಕೆ ಜಿಗಿದು, ತಲೆಯ ಮೇಲಿಂದ ಚೆಂಡನ್ನು ಒದ್ದು ಗೋಲು ಮಾಡಿ ಸೋಲನ್ನು ತಪ್ಪಿಸಿದನು. ಒಬ್ಬನು ಊರುಗೋಲನ್ನು ಹಿಡಿದ ಚಳಿಗಾಲದಲ್ಲಿಯೇ ಇನ್ನೊಬ್ಬನಿಗೆ ಜಯಘೋಷ. ಇಬ್ಬರನ್ನೂ ಆರಿಸಿದ್ದು ಒಂದೇ ಲೆಕ್ಕ, ಒಂದೇ ಕಣ್ಣು. ಎಷ್ಟು ಸೂಕ್ಷ್ಮವಾದ ಲೆಕ್ಕಕ್ಕೂ ಸಿಕ್ಕದೆ ಉಳಿಯುವ ಅಂಶವೊಂದು ಮನುಷ್ಯನ ಬಾಳಿನಲ್ಲಿ ಇದ್ದೇ ಇರುತ್ತದೆ.

ಹಾಗಾದರೆ ಹುಡುಗರನ್ನು ಬಯಲಿಗೆ ಕಳುಹಿಸಬಾರದೆ? ಖಂಡಿತವಾಗಿಯೂ ಕಳುಹಿಸಬೇಕು. ಆದರೆ ಕೋಟಿಯ ಆಸೆಯಿಂದಲ್ಲ. ಚೆಂಡನ್ನು ಬೆನ್ನಟ್ಟುವ ಸಾವಿರ ಹುಡುಗರಲ್ಲಿ ಸಂಘಗಳು ಬೆನ್ನಟ್ಟುವುದು ಎಲ್ಲೋ ಒಬ್ಬನನ್ನು. ಉಳಿದವರಿಗೆ ದೊರೆಯುವುದು ಗಟ್ಟಿಯಾದ ಮೈ, ಸೋಲನ್ನು ನುಂಗಿಕೊಳ್ಳುವ ಮನಸ್ಸು, ಹತ್ತು ಜನರೊಡನೆ ಹನ್ನೊಂದನೆಯವನಾಗಿ ಬಾಳುವ ಗುಣ. ಇವುಗಳಿಗೆ ಯಾವ ಸಂಘವೂ ಬೆಲೆ ಕಟ್ಟುವುದಿಲ್ಲ. ಬೆಲೆ ಬಾಳುವುದು ಮಾತ್ರ ನಿಶ್ಚಯ. ಆ ಒಬ್ಬನು ನಿಮ್ಮ ಮನೆಯವನೇ ಆಗಿದ್ದರೆ, ಸಂತೋಷ. ಆಗಲೂ ಹದಿನೆಂಟು ತುಂಬುವ ತನಕ ಆತುರಪಡದೆ, ಪುಸ್ತಕವನ್ನೂ ಚೆಂಡನ್ನೂ ಅವನ ಎರಡು ಕೈಗಳಲ್ಲಿಯೂ ಇರಗೊಡಿರಿ. ಇಂದು ಸಂಜೆ ಅವನು ಮೊಣಕಾಲು ತರಚಿಕೊಂಡು ಮನೆಗೆ ಬಂದರೆ ಗದರಿಸುವ ಮುಂಚೆ, ಪಂದ್ಯ ಏನಾಯಿತೆಂದು ಒಂದು ಮಾತು ಕೇಳಿರಿ.