ಅಗಸರ ಚೌಳು, ಗದ್ದೆಯ ಚೌಳು

ಶಿಂಷಾ ದಂಡೆಯ ವೈದ್ಯನಾಥಪುರ, ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ಚೌಳು ಎಂದರೆ ಏನೆಂದು ವಿವರಿಸಬೇಕಿಲ್ಲ. ತಗ್ಗಿನ ಗದ್ದೆಯಲ್ಲಿ ಬೇಸಿಗೆಗೆ ಕೂಳೆಗಳ ನಡುವೆ ಬೆಳ್ಳಗೆ ಏಳುವ ಪೊರೆ ಅದು. ಅಡಿಯ ನೀರು ಮಣ್ಣಿನ ಸಂದುಗಳಲ್ಲಿ ಮೇಲೇರಿ ಬಿಸಿಲಿಗೆ ಆರುತ್ತದೆ. ಕರಗಿದ್ದ ಲವಣ ಹರಳುಗಟ್ಟಿ ಮೇಲೆಯೇ ಉಳಿಯುತ್ತದೆ. ಬಂಡೆಯ ಪೊಳ್ಳಿನೊಳಗೆ ಕಟ್ಟಿದ ಹರಳಿನ ಹೊದಿಕೆಗೆ ಭೂವಿಜ್ಞಾನಿಗಳು ಜರ್ಮನ್ನರಿಂದ 'ಡ್ರೂಸ್' ಎಂಬ ಹೆಸರು ತಂದರು. ಹೊಲದ ಹರಳಿಗೆ ಹೆಸರು ಹುಡುಕಿ ನಾವು ಯಾರ ಮನೆಗೂ ಹೋಗಬೇಕಾಗಲಿಲ್ಲ.

ಚೌಳು, ಸೌಳು, ಸವಳು ಒಂದೇ ಮಾತಿನ ರೂಪಗಳು. ತೆಲುಗಿನ ಚೌಡು, ತಮಿಳಿನ ಸವರ್ ಅದರ ದಾಯಾದಿಗಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅದಕ್ಕೆ ಜೋಡಿಯೂ ಉಂಟು: ಸವಳು-ಜವಳು. ಸವಳು ಉಪ್ಪೇರಿದ್ದು, ಜವಳು ನೀರು ನಿಂತದ್ದು. ಕಾಯಿಲೆಯನ್ನೂ ಕಾರಣವನ್ನೂ ಒಟ್ಟಿಗೆ ಹೇಳುವ ಇಂಥ ಗುಣ ಚೌಳು ನೆಲಕ್ಕೆ ಪಂಡಿತರು ಹೇಳುವ 'ಊಷರ'ದಲ್ಲಿ ಎಲ್ಲಿದೆ?

ಚೌಳು ಎಂಬ ಮಾತು ಮೊದಲಿನಿಂದಲೂ ಬೈಗುಳವಾಗಿರಲಿಲ್ಲ. ಸಾಬೂನು ಬರುವ ಮೊದಲು ಮಡಿವಾಳರು ಸೌಳು ಮಣ್ಣು ಕೆರೆದು ತಂದು ಬಟ್ಟೆ ಬೇಯಿಸುತ್ತಿದ್ದರು. ಅದರಲ್ಲಿನ ಸೋಡಾ ಜಿಡ್ಡು ಬಿಡಿಸುತ್ತಿತ್ತು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜಿಗೂ ಇದೇ ಸೋಡಾ ಬೇಕಿತ್ತು. ಬೆಣಚುಕಲ್ಲನ್ನು ಕಡಿಮೆ ಕಾವಿಗೆ ಕರಗಿಸುವುದು ಅದರ ಗುಣ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಬಳೆ ಕುಲುಮೆಗಳ ವಿವರ ಬರೆದಿಟ್ಟಿದ್ದಾನೆ. ಉಪ್ಪಾರರು ಉಪ್ಪುಮಣ್ಣನ್ನು ನೀರಲ್ಲಿ ಸೋಸಿ, ಆರಿಸಿ ಉಪ್ಪು ತೆಗೆಯುತ್ತಿದ್ದರು. ಕುಲದ ಹೆಸರಲ್ಲೇ ಕಸುಬಿದೆ.

ಮಂಡ್ಯದಲ್ಲಿ ಲೆಕ್ಕ ತಿರುಗಿದ್ದು ನಾಲೆ ಬಂದ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಭತ್ತ, ಕಬ್ಬು ಎಂದು ಗದ್ದೆ ಒಣಗದಂತಾದಾಗ ತಗ್ಗಿನಲ್ಲಿ ಅಂತರ್ಜಲ ಬೇರಿನ ಮಟ್ಟಕ್ಕೆ ಬಂತು, ಜೊತೆಗೆ ಉಪ್ಪೂ ಬಂತು. ನಾಲೆಯನ್ನು ಬೈಯುವುದು ಕೃತಘ್ನತೆ. ಆದರೆ ನೀರು ತರುವುದಕ್ಕೆ ಇದ್ದ ಉತ್ಸಾಹ ಅದನ್ನು ಹೊರಗೆ ಹಾಕುವುದಕ್ಕೆ ಇರಲಿಲ್ಲ ಎನ್ನಲೇಬೇಕು.

ಕ್ಷಾರ ಹೆಚ್ಚಿದ ಚೌಳಿಗೆ ಕೃಷಿ ತಜ್ಞರು ಜಿಪ್ಸಂ ಹೇಳುತ್ತಾರೆ. ಅದೂ ಖನಿಜವೇ, ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಟ್ಟದ್ದು ಹೊರಹೋಗಲು ಬಸಿಗಾಲುವೆ ಬೇಕು. ಅದಿಲ್ಲದೆ ಹಾಕಿದ ಜಿಪ್ಸಂ ದಂಡ. ಬಸಿಗಾಲುವೆಯೋ ಒಬ್ಬನ ಬದುವಿನೊಳಗೆ ಮುಗಿಯುವಂಥದ್ದಲ್ಲ. ಕೆಳಗಿನ ಗದ್ದೆಯವನೂ ದಾರಿ ಬಿಡಬೇಕು.