ಬೆಲ್ಲದ ನಾಡಿನಲ್ಲಿ ಹಲ್ಲಿನ ರಕ್ಷಣೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಎರಡು ಬೆಳೆಗಳಿಗೆ ಹೆಸರಾಗಿವೆ. ಕೃಷ್ಣೆ ಹಾಗೂ ಅದರ ಉಪನದಿಗಳ ನೀರುಂಡು ಬೆಳೆಯುವ ಕಬ್ಬು ಒಂದು. ನಿಪ್ಪಾಣಿಯ ಸುತ್ತಣ ಹೊಲಗಳಲ್ಲಿ ಬೆಳೆಯುವ ಬೀಡಿ ಹೊಗೆಸೊಪ್ಪು ಇನ್ನೊಂದು. ಕಾಗವಾಡ ತಾಲೂಕಿನ ಉಗಾರ ಖುರ್ದದ ಸಕ್ಕರೆ ಸಂಸ್ಥೆಯು 1939ರಷ್ಟು ಹಿಂದೆಯೇ ಸ್ಥಾಪಿತವಾಯಿತು. ನಿಪ್ಪಾಣಿಯ ತಂಬಾಕು ಪೇಟೆಯ ಹೆಸರನ್ನು ಕೇಳದವರಾರು? ಈ ಎರಡು ಬೆಳೆಗಳೂ ಸಹಸ್ರಾರು ಕುಟುಂಬಗಳಿಗೆ ಅನ್ನವನ್ನಿತ್ತಿವೆ. ಆದರೆ ಇವು ಹೊಲದಿಂದ ಮನೆಗೂ ಮನೆಯಿಂದ ಬಾಯಿಗೂ ಬಂದು ಸೇರಿದಾಗ ಏನು ಮಾಡುತ್ತವೆ ಎಂಬುದನ್ನು ನಾವು ವಿಚಾರಿಸುವುದು ಅಪರೂಪ. ಬೆಲ್ಲವು ಹಲ್ಲಿಗೂ ಹೊಗೆಸೊಪ್ಪು ಒಸಡಿಗೂ ಶತ್ರುವಾಗುವ ಬಗೆ ಯಾವುದು, ಆ ಹಾನಿಯನ್ನು ಮನೆಯಲ್ಲಿಯೇ ತಡೆಯುವ ಉಪಾಯವೇನು ಎಂಬುದನ್ನು ಈಗ ನೋಡೋಣ.

ಹುಳವಿಲ್ಲದ ಹುಳುಕು

ಕೆಟ್ಟ ಹಲ್ಲನ್ನು ನಾವು ‘ಹುಳುಕು ಹಲ್ಲು’ ಎಂದು ಕರೆಯುತ್ತೇವೆ. ಹುಳವೊಂದು ಒಳಹೊಕ್ಕು ಹಲ್ಲನ್ನು ಕೊರೆಯುತ್ತದೆ ಎಂಬ ಹಳೆಯ ನಂಬಿಕೆಯು ಈ ಮಾತಿನಲ್ಲಿ ಅಡಗಿದೆ. ಈ ನಂಬಿಕೆ ನಮ್ಮದು ಮಾತ್ರವಲ್ಲ. ಪ್ರಾಚೀನ ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲಿಯೂ ಹಲ್ಲಿನ ಹುಳದ ಪ್ರಸ್ತಾಪವಿದೆ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬಾತನು ತನ್ನ ಹಲ್ಲುಗಳ ಸಂದಿನಿಂದ ಬಿಳಿಯ ಮೆತ್ತನೆಯ ಪದಾರ್ಥವನ್ನು ತೆಗೆದು, ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಅಲ್ಲಿ ಅತಿ ಸಣ್ಣ ಜೀವಿಗಳು ಚಲಿಸುತ್ತಿದ್ದುದನ್ನು ಕಂಡು ಬೆರಗಾದನು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ದಂತವೈದ್ಯವನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಹುಳದ ವಾದವನ್ನು ತಿರಸ್ಕರಿಸಿದನು. ಕಟ್ಟಕಡೆಗೆ 1890ರಲ್ಲಿ, ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರನು ನಿಜವಾದ ಕಾರಣವನ್ನು ವಿವರಿಸಿದನು. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಆಹಾರದಲ್ಲಿನ ಸಕ್ಕರೆ ಮತ್ತು ಪಿಷ್ಟಗಳನ್ನು ಹುದುಗಿಸಿ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ. ಮಿಲ್ಲರನ ಈ ವಿವರಣೆಯ ತಿರುಳನ್ನು ವಿಜ್ಞಾನವು ಇಂದಿಗೂ ಒಪ್ಪಿದೆ.

ಕರಗುವಿಕೆ ಮತ್ತು ದುರಸ್ತಿ

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಕಠಿಣವಾದ ವಸ್ತು. ತೂಕದಲ್ಲಿ ಅದರ ಶೇಕಡಾ 96ರಷ್ಟು ಭಾಗವು ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಖನಿಜ. ಮೂಳೆ ಮುರಿದರೆ ಕೂಡಿಕೊಳ್ಳುವುದು, ಚರ್ಮ ಹರಿದರೆ ಮಾಯುವುದು. ಆದರೆ ಎನಾಮಲ್ಲಿನಲ್ಲಿ ಜೀವಕೋಶಗಳೇ ಇಲ್ಲವಾದುದರಿಂದ, ಒಮ್ಮೆ ಅದರಲ್ಲಿ ಕುಳಿ ಬಿದ್ದರೆ ಅದು ತಾನಾಗಿ ತುಂಬಿಕೊಳ್ಳಲಾರದು.

ಆಮ್ಲದ ಕೆಲಸವನ್ನು ಕಣ್ಣಾರೆ ಕಾಣಬೇಕೆಂಬ ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು. ಕೋಳಿಮೊಟ್ಟೆಯ ಸಿಪ್ಪೆಯ ಒಂದು ಚೂರನ್ನು ಲೋಟದಲ್ಲಿಟ್ಟು ಅದು ಮುಳುಗುವಷ್ಟು ವಿನಿಗರ್ ಸುರಿಯಿರಿ. ಸಣ್ಣ ಗುಳ್ಳೆಗಳೇಳುವುವು, ಮರುದಿನ ನೋಡಿದರೆ ಗಟ್ಟಿಯಾದ ಭಾಗವು ಕರಗಿಹೋಗಿ ತೆಳುವಾದ ಪೊರೆ ಮಾತ್ರ ಉಳಿದಿರುವುದು. ಮೊಟ್ಟೆಯ ಸಿಪ್ಪೆಯು ಕ್ಯಾಲ್ಸಿಯಂ ಕಾರ್ಬೊನೇಟು, ಹಲ್ಲು ಕ್ಯಾಲ್ಸಿಯಂ ಫಾಸ್ಫೇಟು. ಹಲ್ಲು ಬಹಳ ನಿಧಾನವಾಗಿ ಕರಗುವುದು, ಗುಳ್ಳೆಯೂ ಏಳದು. ಆದರೆ ಆಮ್ಲದ ಮುಂದೆ ಎರಡರ ಗತಿಯೂ ಒಂದೇ.

ಹಾಗಾದರೆ ಸಿಹಿ ತಿಂದವರೆಲ್ಲರ ಹಲ್ಲುಗಳೂ ಏಕೆ ಕರಗಿಹೋಗುವುದಿಲ್ಲ? ಇದಕ್ಕೆ ನಮ್ಮ ಜೊಲ್ಲುರಸವೇ ಕಾರಣ. ಆಮ್ಲತೆಯನ್ನು ಅಳೆಯುವ ಪಿ.ಎಚ್. ಎಂಬ ಮಾನವೊಂದಿದೆ, ಅದರ ಅಂಕಿಯು ಇಳಿದಷ್ಟೂ ಆಮ್ಲತೆ ಹೆಚ್ಚು. ಸಕ್ಕರೆಯ ಅಂಶವು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಲೋಳೆಯ ಪಿ.ಎಚ್. ಸುಮಾರು 5.5ಕ್ಕಿಂತಲೂ ಕೆಳಗಿಳಿಯುವುದು. ಆಗ ಎನಾಮಲ್ಲಿನಿಂದ ಖನಿಜವು ಹೊರಬೀಳಲಾರಂಭಿಸುವುದು. ಅತ್ತ ಜೊಲ್ಲುರಸವು ಆಮ್ಲವನ್ನು ತೊಳೆದು, ಶಮನಗೊಳಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳನ್ನು ಹಲ್ಲಿಗೆ ಮರಳಿ ಕೊಡುವುದು. ಈ ದುರಸ್ತಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಕಾಲ ಹಿಡಿಯುವುದು. ಹೀಗೆ ನಮ್ಮ ಬಾಯಿಯಲ್ಲಿ ದಿನವೂ ನಷ್ಟ ಮತ್ತು ಭರ್ತಿಗಳ ಲೆಕ್ಕವೊಂದು ನಡೆದಿರುತ್ತದೆ. ನಷ್ಟವು ಸತತವಾಗಿ ಮೇಲಾದಾಗ ಮೊದಲು ಹಲ್ಲಿನ ಮೇಲೆ ಸುಣ್ಣದಂತಹ ಬಿಳಿಯ ಮಚ್ಚೆ ಕಾಣುವುದು. ಆ ಹಂತದಲ್ಲಿ ಎಚ್ಚೆತ್ತರೆ ಹಲ್ಲು ಮರಳಿ ಗಟ್ಟಿಯಾಗಬಲ್ಲುದು. ಅಲಕ್ಷಿಸಿದರೆ ಮೇಲ್ಪದರವು ಕುಸಿದು ಕುಳಿಯಾಗುವುದು. ಮುಂದೆ ಅದು ನರಗಳಿರುವ ತಿರುಳನ್ನು ಮುಟ್ಟಿದಾಗಲೇ ತಡೆಯಲಾರದ ನೋವು. ನೋವು ಬಂದ ಮೇಲೆ ವೈದ್ಯನಲ್ಲಿಗೆ ಹೋಗುವುದೆಂದರೆ ಲೆಕ್ಕದ ಕೊನೆಯ ಪುಟದಲ್ಲಿ ಎಚ್ಚರಗೊಂಡಂತೆ.

ಎಷ್ಟು ತಿಂದೆವು? ಎಷ್ಟು ಸಲ ತಿಂದೆವು?

ಈ ಲೆಕ್ಕದಿಂದ ಮುಖ್ಯವಾದ ತತ್ತ್ವವೊಂದು ಹೊರಡುತ್ತದೆ. ಸಿಹಿಯ ಪ್ರಮಾಣವಲ್ಲದೆ, ಅದನ್ನು ತಿನ್ನುವ ವೇಳೆ ಮತ್ತು ಸಲಗಳ ಸಂಖ್ಯೆಯೂ ಹಲ್ಲಿನ ಅಳಿವು ಉಳಿವನ್ನು ನಿರ್ಧರಿಸುತ್ತವೆ. ಸ್ವೀಡನ್ ದೇಶದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ 1945ರಿಂದ ನಡೆದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ಊಟದ ಜೊತೆಗೆ ಸಿಹಿ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಅಲ್ಪ. ಊಟಗಳ ನಡುನಡುವೆ ಅಂಟು ಮಿಠಾಯಿ ತಿಂದವರಲ್ಲಿ ಅದು ವಿಪರೀತವಾಗಿ ಹೆಚ್ಚಿತು. ಆದರೆ ಆ ಪ್ರಯೋಗಕ್ಕೆ ಒಳಪಟ್ಟವರು ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಲಾಗಿದ್ದ ರೋಗಿಗಳು; ಅವರ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ. ಇಂದಿನ ವಿಜ್ಞಾನವು ಅಂತಹ ಪ್ರಯೋಗಕ್ಕೆ ಅನುಮತಿಯನ್ನೀಯದು. ಅಷ್ಟು ಬೆಲೆ ತೆತ್ತು ದೊರೆತ ಅರಿವನ್ನು ನಾವು ವ್ಯರ್ಥಗೊಳಿಸದಿರುವುದೇ ಲೇಸು.

ನಮ್ಮ ಸೀಮೆಯ ಮಾತಿಗೆ ಬರೋಣ. ಅತಿಥಿಗೆ ಬೆಲ್ಲ ನೀರು ಕೊಡುವುದು ಇಲ್ಲಿಯ ಹಳೆಯ ಸಂಪ್ರದಾಯ. ಸಂಕ್ರಾಂತಿಗೆ ಕುಸುರೆಳ್ಳು, ಸುಗ್ಗಿಯಲ್ಲಿ ಗಾಣದ ಮನೆಯ ಬಿಸಿ ಬೆಲ್ಲ, ಶಾಲೆಯ ದಾರಿಯಲ್ಲಿ ಶೇಂಗಾ ಚಿಕ್ಕಿ, ಹೊಲದ ಬದುವಿನಲ್ಲಿ ಕಬ್ಬಿನ ಜಲ್ಲೆ: ಇವುಗಳನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಬೆಲ್ಲವು ಬಿಳಿಯ ಸಕ್ಕರೆಗಿಂತ ಸಾತ್ತ್ವಿಕವೆಂದೂ, ಆದುದರಿಂದ ಹಲ್ಲಿಗೆ ಬಾಧಕವಲ್ಲವೆಂದೂ ಹಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಬೆಲ್ಲದ ಮುಖ್ಯಾಂಶವೂ ಸಕ್ಕರೆಯ ಅಂಶವಾದ ಸುಕ್ರೋಸೇ. ಸೂಕ್ಷ್ಮಜೀವಿಗಳಿಗೆ ಅದರ ಬಣ್ಣದ ಗೊಡವೆಯಿಲ್ಲ. ಸಾಲದ್ದಕ್ಕೆ ಅದು ಹಲ್ಲಿಗೆ ಅಂಟಿಕೊಳ್ಳುವ ಗುಣದ್ದು. ಆದುದರಿಂದ ಸಿಹಿಯನ್ನು ಊಟದ ಜೊತೆಗೇ ತಿಂದು, ನೀರಿನಿಂದ ಬಾಯಿ ಮುಕ್ಕಳಿಸುವುದು ಉತ್ತಮ. ಒಂದೇ ಚಿಕ್ಕಿಯನ್ನು ಮುರಿಮುರಿದು ಮಧ್ಯಾಹ್ನವೆಲ್ಲ ಚೀಪುವವನ ಹಲ್ಲಿಗೆ ದುರಸ್ತಿಯ ಬಿಡುವೇ ದೊರೆಯದು.

ಹಲ್ಲುಪುಡಿಯ ವೇಷದ ವಿಷ

ಇನ್ನು ಎರಡನೆಯ ಬೆಳೆಯ ವಿಚಾರ. ಹೊಗೆಸೊಪ್ಪನ್ನು ಕಾದ ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿಮಾಡಿ, ಅದರಿಂದ ಹಲ್ಲುಜ್ಜುವ ರೂಢಿಯು ಮಹಾರಾಷ್ಟ್ರದಲ್ಲಿಯೂ ಅದರ ಗಡಿಗೆ ಹೊಂದಿದ ನಮ್ಮ ಪ್ರದೇಶದಲ್ಲಿಯೂ ಬಹುಕಾಲದಿಂದ ಇದೆ. ಇದಕ್ಕೆ ಮಿಶ್ರಿ ಅಥವಾ ಮಶೇರಿ ಎಂದು ಹೆಸರು. ಬೀಡಿ ಸೇದುವುದನ್ನು ಕೆಟ್ಟದ್ದೆಂದು ಬಗೆಯುವ ಮನೆಗಳಲ್ಲಿಯೂ, ವಿಶೇಷವಾಗಿ ಹೆಂಗಸರಲ್ಲಿ, ಮಿಶ್ರಿಯು ಹಲ್ಲುಪುಡಿಯ ವೇಷದಲ್ಲಿ ಸುಲಭವಾಗಿ ನುಸುಳಿದೆ. ಹಲ್ಲುನೋವಿಗೆ ಇದು ಮದ್ದೆಂದು ಆರಂಭಿಸುವವರು ಬಹಳ. ಒಸಡಿನ ಮೂಲಕ ನಿಕೋಟೀನ್ ರಕ್ತವನ್ನು ಸೇರಿ ಸ್ವಲ್ಪ ಮಂಪರು, ಸ್ವಲ್ಪ ಹಿತವನ್ನು ಕೊಡುವುದು. ಹುಳುಕು ಮಾತ್ರ ಒಳಗೆ ಬೆಳೆಯುತ್ತಲೇ ಇರುವುದು. ಕೆಲವು ದಿನಗಳಲ್ಲಿ ಮಿಶ್ರಿಯಿಲ್ಲದೆ ಬೆಳಗಾಗದು ಎನ್ನುವ ಸ್ಥಿತಿ ಬರುವುದು.

ಹೊಗೆಯಿಲ್ಲದ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಇಂದು ಸಂಶಯವಿಲ್ಲ. ಅದನ್ನು ಇರಿಸಿಕೊಳ್ಳುವ ಎಡೆಯಲ್ಲಿ ಒಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುವುದು. ಕೇಡು ಬಾಯಿಗೆ ಮಾತ್ರ ಸೀಮಿತವಲ್ಲ. ಮುಂಬಯಿಯ ಗರ್ಭಿಣಿಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಿಶ್ರಿ ಮೊದಲಾದ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದ ತಾಯಂದಿರ ಶಿಶುಗಳ ತೂಕವು ಸರಾಸರಿ 105 ಗ್ರಾಂ ಕಡಿಮೆಯಿದ್ದುದು ಕಂಡುಬಂದಿತು. ಹಲ್ಲುಜ್ಜುವ ಪುಡಿಗಳಲ್ಲಿ ತಂಬಾಕನ್ನು ಬೆರೆಸಕೂಡದೆಂದು ಭಾರತ ಸರ್ಕಾರವು 1992ರಲ್ಲಿಯೇ ನಿಷೇಧಿಸಿತು. 2013ರಲ್ಲಿ ಕರ್ನಾಟಕವು ಗುಟಖಾವನ್ನು ನಿಷೇಧಿಸಿತು. ಆದರೆ ಅಡಿಗೆಮನೆಯ ಹಂಚಿನ ಮೇಲೆ ಹುರಿಯುವ ಮಿಶ್ರಿಗೆ ಯಾವ ಕಾನೂನು ಕಾವಲಿರಬಲ್ಲುದು? ಅಲ್ಲಿ ತಿಳಿವಳಿಕೆಯೇ ಕಾವಲು. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಕುಟುಂಬದ ಹಲ್ಲು

ದಂತಾರೋಗ್ಯವು ಒಬ್ಬೊಬ್ಬರ ಸ್ವಂತ ವಿಷಯವೆಂದು ತೋರಿದರೂ, ವಾಸ್ತವವಾಗಿ ಅದು ಇಡೀ ಕುಟುಂಬಕ್ಕೆ ಸಂಬಂಧಿಸಿದುದು. ಹಲ್ಲು ಕೆಡಿಸುವ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಮನೆಯವರ ಜೊಲ್ಲಿನಿಂದಲೇ ಕೂಸಿಗೆ ಬರುತ್ತವೆ. ತಾಯಿಯು ತನ್ನ ಬಾಯಿಗಿಟ್ಟು ನೋಡಿದ ಚಮಚ, ಅಜ್ಜಿಯು ಅಗಿದು ಕೊಟ್ಟ ತುತ್ತು, ಇವೇ ಅವುಗಳ ವಾಹನಗಳು. ಆದುದರಿಂದ ಮಗುವಿನ ಹಲ್ಲಿನ ರಕ್ಷಣೆಯು ಹಿರಿಯರ ಬಾಯಿಯ ಶುದ್ಧಿಯಿಂದ ಆರಂಭವಾಗಬೇಕು. ಸಿಹಿ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಕೂಡದು.

ಹಾಲುಹಲ್ಲುಗಳು ಹೇಗೂ ಬೀಳುವುವಲ್ಲ, ಅವುಗಳ ಚಿಂತೆಯೇಕೆ ಎನ್ನುವವರುಂಟು. ಆ 20 ಹಲ್ಲುಗಳು ಮಗುವಿಗೆ ಅಗಿಯಲೂ ಮಾತು ಕಲಿಯಲೂ ಬೇಕು. ಮುಂದೆ ಬರುವ ಹಲ್ಲುಗಳಿಗೆ ಸ್ಥಳವನ್ನು ಕಾಯ್ದಿರಿಸುವುವೂ ಅವೇ. ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಅವಶ್ಯವಾಗಿ ತಿಳಿದಿರಬೇಕು. ಆರನೆಯ ವರ್ಷದ ಹೊತ್ತಿಗೆ, ಯಾವ ಹಾಲುಹಲ್ಲೂ ಬೀಳದೆಯೇ, ದವಡೆಯ ಹಿಂದೆ ನಾಲ್ಕು ದೊಡ್ಡ ಹಲ್ಲುಗಳು ಮೂಡುತ್ತವೆ. ಇವನ್ನು ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುವವರು ಅನೇಕರು. ಇವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬಾರವು.

ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕೆಂಬುದು ಎಲ್ಲರೂ ಕೇಳಿದ ಮಾತು. ಅವುಗಳಲ್ಲಿ ಮಲಗುವ ಮುನ್ನ ಉಜ್ಜುವುದೇ ಹೆಚ್ಚು ಮುಖ್ಯವೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ನಿದ್ರೆಯಲ್ಲಿ ಜೊಲ್ಲುರಸವು ತೀರ ಕಡಿಮೆಯಾಗುವುದು. ಹಲ್ಲಿಗಂಟಿದ ಸಿಹಿಯನ್ನು ತೊಳೆಯುವವರಾರೂ ಇಲ್ಲದೆ ರಾತ್ರಿಯೆಲ್ಲ ಆಮ್ಲದ ರಾಜ್ಯ. ಬೇವಿನ ಅಥವಾ ಜಾಲಿಯ ಕಡ್ಡಿಯನ್ನು ಮೆತ್ತಗೆ ಜಗಿದು ಚೆನ್ನಾಗಿ ಉಜ್ಜಿದರೆ ಹಲ್ಲು ಶುದ್ಧವಾಗುವುದು ನಿಜ. ಆದರೆ ಒಳಮೈಗೂ ಹಿಂದಣ ಹಲ್ಲಿಗೂ ಅದು ಮುಟ್ಟುವುದು ಕಷ್ಟ. ಬೂದಿ, ಇದ್ದಿಲು, ಇಟ್ಟಿಗೆಯ ಪುಡಿಗಳು ಹಲ್ಲನ್ನು ಬೆಳಗಿದಂತೆ ಕಂಡರೂ ಸವೆಸಿಬಿಡುವುವು. ಫ್ಲೋರೈಡ್ ಬೆರೆತ ಪೇಸ್ಟು ಹಲ್ಲಿನ ದುರಸ್ತಿಗೆ ನೆರವಾಗಿ, ಮರಳಿ ಕೂಡಿದ ಖನಿಜವು ಆಮ್ಲಕ್ಕೆ ಬೇಗ ಜಗ್ಗದಂತೆ ಮಾಡುವುದು. ಹತ್ತು ಲಕ್ಷ ಭಾಗಕ್ಕೆ 1000 ಭಾಗ ಅಥವಾ ಸ್ವಲ್ಪ ಹೆಚ್ಚು ಫ್ಲೋರೈಡ್ ಇರುವುದೇ ಎಂದು ಕೊಳವೆಯ ಮೇಲೆ ಓದಿ ನೋಡಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಇದೇ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿಸಬಲ್ಲುದು. ಆದುದರಿಂದ ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ವಿವೇಕ.

ಉಜ್ಜುವಾಗ ಒಸಡಿನಿಂದ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸುವುದು ಇನ್ನೊಂದು ತಪ್ಪು ಕಲ್ಪನೆ. ಹಲ್ಲಿನ ಬುಡದಲ್ಲಿ ಲೋಳೆ ನಿಂತುದರಿಂದಲೇ ಸಾಮಾನ್ಯವಾಗಿ ಒಸಡು ಬಾತು ರಕ್ತ ಸುರಿಸುವುದು. ಮೃದುವಾಗಿ ಶುಚಿಗೊಳಿಸುತ್ತ ಬಂದರೆ ಅದು ವಾಸಿಯಾಗುವುದು. ಕಾರೆಗಟ್ಟಿದ್ದರೆ ಮಾತ್ರ ದಂತವೈದ್ಯರೇ ತೆಗೆಯಬೇಕು. ಅದರಿಂದ ಹಲ್ಲು ಸಡಿಲವಾಗುವುದೆಂಬುದು ಬರಿಯ ಭಯ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಗಾದೆ. ಮುಪ್ಪು ಬಂದರೆ ಹಲ್ಲು ಹೋಗಲೇಬೇಕೆಂದು ಹಿಂದಿನವರು ನಂಬಿದ್ದರು. ಹಲ್ಲನ್ನು ಬೀಳಿಸುವುದು ವಯಸ್ಸಲ್ಲ, ಹುಳುಕು ಮತ್ತು ಒಸಡಿನ ರೋಗ. ಬಡ ವೃದ್ಧರಿಗೆ ಕೃತಕ ದಂತಪಂಕ್ತಿಯನ್ನು ಉಚಿತವಾಗಿ ಕೊಡಿಸಲು ಕರ್ನಾಟಕ ಸರ್ಕಾರವು ದಂತಭಾಗ್ಯ ಎಂಬ ಯೋಜನೆಯನ್ನು ಹಮ್ಮಿಕೊಂಡಿತು. ಬೆಳಗಾವಿಯಲ್ಲಿ 1985ರಿಂದ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯವಿದೆ. ಇವೆಲ್ಲ ಸ್ತುತ್ಯವೇ. ಆದರೆ ಅಥಣಿಯ ಹಳ್ಳಿಯೊಂದರಿಂದ ಬೆಳಗಾವಿಗೆ ಹೋಗಿಬರಲು ಕೂಲಿಯವನಿಗೆ ಒಂದು ದಿನದ ದುಡಿಮೆ ಹೋಗುವುದು. ರಾತ್ರಿ ಎರಡು ನಿಮಿಷ ಹಲ್ಲುಜ್ಜಲು ಏನೂ ಹೋಗದು.

ಈ ಮಾತನ್ನು ನಾವು ವಿಶೇಷವಾಗಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇವೆ. ಪೇಸ್ಟಿನ ಕೊಳವೆಯ ಮೇಲಿನ ಅಕ್ಷರಗಳನ್ನು ಓದಬಲ್ಲವರು ಹಲವು ಮನೆಗಳಲ್ಲಿ ನೀವೇ. ತಮ್ಮನ ಬಾಯನ್ನು ಬೆಳಕಿಗೆ ಹಿಡಿದು ಹಿಂದಣ ದವಡೆ ಹಲ್ಲನ್ನು ನೋಡಿರಿ. ಅಜ್ಜಿಯ ಮಿಶ್ರಿಯ ಡಬ್ಬಿಯನ್ನು ಕಸಿದು ಎಸೆಯಬೇಡಿರಿ. ಅವರು ಅದನ್ನು ಯಾವ ನೋವಿಗಾಗಿ ಹಿಡಿದರೆಂಬುದನ್ನು ಕೇಳಿ, ಆ ಹಲ್ಲನ್ನು ವೈದ್ಯರಿಗೆ ತೋರಿಸಿರಿ. ನೋವು ಹೋದ ಮೇಲೆ ಡಬ್ಬಿಯನ್ನು ಬಿಡಿಸುವುದು ಅಷ್ಟು ಕಷ್ಟವಾಗದು.