ಗೇಟು ತೆರೆಯುತ್ತಿದ್ದ ಆ ಒಂದು ವಾರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ತಪ್ಪದೆ ಬರುವ ಬಂಧುಗಳೊಬ್ಬರು ಹೋದ ತಿಂಗಳು ಒಂದು ಪ್ರಶ್ನೆ ಕೇಳಿದರು. "ಆಫೀಸಿನಿಂದ ಬರುವಾಗ ಒಂದು ಕ್ಲಬ್ಬಿನ ಗೋಡೆಯ ಮಗ್ಗುಲಲ್ಲೇ ನಡೆದು ಬರುತ್ತೇನೆ. ಒಳಗೆ ಚೆಂಡು ಬಡಿಯುವ ಸದ್ದು ಕೇಳುತ್ತದೆ, ಆಟ ಕಾಣುವುದಿಲ್ಲ. ಹಿಂದೆ ಇಂಥ ಕ್ಲಬ್ಬುಗಳಲ್ಲಿ ದೊಡ್ಡ ದೊಡ್ಡ ಟೆನ್ನಿಸ್ ಪಂದ್ಯಾಟಗಳು ನಡೆಯುತ್ತಿದ್ದವಂತೆ. ಅವೆಲ್ಲ ಏನಾದವು ಸ್ವಾಮಿ?" ಕೇಳಿದವರು ರಾಕೆಟ್ ಹಿಡಿದವರಲ್ಲ. ನಾವೂ ಹಿಡಿದವರಲ್ಲ. ಆದರೂ ಪ್ರಶ್ನೆ ಒಳ್ಳೆಯದು. ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಕ್ಲಬ್ಬು ಎಂದರೆ ಸದಸ್ಯರ ಮನೆ ಇದ್ದಂತೆ, ಕರೆಯದೆ ಹೋಗುವಂತಿಲ್ಲ. ಆದರೆ ಟೆನ್ನಿಸ್ ಅಂಗಳವೆಂಬುದು ಬಹಳ ಖರ್ಚಿನ ಬಾಬು. ಹುಲ್ಲು ಕತ್ತರಿಸಬೇಕು, ನೀರು ಹನಿಸಬೇಕು, ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು. ಸದಸ್ಯರ ಚಂದಾ ಸಾಲದಾದಾಗ ಕ್ಲಬ್ಬಿಗೆ ಹೊರಗಿನವರ ನೆನಪಾಗುತ್ತದೆ. ಜಗತ್ಪ್ರಸಿದ್ಧವಾದ ವಿಂಬಲ್ಡನ್ ಹುಟ್ಟಿದ್ದೂ ಹೀಗೆಯೇ. 1877ರಲ್ಲಿ ಅಲ್ಲಿನ ಖಾಸಗಿ ಕ್ಲಬ್ಬು ಪಂದ್ಯಾಟ ಹೂಡಿದ್ದು ಕುದುರೆಮರಿ ಎಳೆಯುವ ತನ್ನ ರೋಲರಿನ ರಿಪೇರಿಗೆ ಹಣ ಬೇಕಾಗಿ. ಆಡಲು ಬಂದವರು 22 ಮಂದಿ. ಅಂತಿಮ ಪಂದ್ಯ ನೋಡಲು ತಲೆಗೊಂದು ಷಿಲ್ಲಿಂಗ್. ಗೆದ್ದವರು ಸ್ಪೆನ್ಸರ್ ಗೋರ್. ಷಿಲ್ಲಿಂಗ್ ಕೊಟ್ಟವನಿಗೆ ಆ ದಿನ ಗೇಟು ತೆರೆಯಿತು ಎಂಬುದನ್ನು ವಾಚಕರು ಗಮನಿಸಬೇಕು. ಉಳಿದ ದಿನಗಳಲ್ಲಿ ತೆರೆಯದ ಗೇಟು ಅದು.

ನಮ್ಮ ಕಡೆಯ ಮಾತಿಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಯೂರೋಪಿಯನ್ನರ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಚೆಂಡು ಹೆಕ್ಕುವುದಕ್ಕೂ ತಟ್ಟೆ ಹಿಡಿಯುವುದಕ್ಕೂ ಮಾತ್ರ ಭಾರತೀಯರು ಬೇಕಾಗಿದ್ದರು. ಕೊಚ್ಚಿಯಲ್ಲಿ ಈ ಪದ್ಧತಿ ಮುರಿಯಲೆಂದು 1931ರಲ್ಲಿ ಲೋಟಸ್ ಕ್ಲಬ್ಬನ್ನು ಆರಂಭಿಸಿದವರು ಗೆರ್ಟ್ರೂಡ್ ಬ್ರಿಸ್ಟೋ. ಹಿನ್ನೀರಿನ ಹೂಳೆತ್ತಿ, ವಿಲಿಂಗ್ಡನ್ ದ್ವೀಪವನ್ನು ನಿರ್ಮಿಸಿ, ಬಂದರು ಕಟ್ಟಿದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ಪತ್ನಿ ಈಕೆ. ಎರಡೂ ಕಡೆಯವರು ಒಂದೇ ಮೇಜಿನಲ್ಲಿ ಕೂರಬೇಕೆಂಬುದು ಆಕೆಯ ಹಂಬಲ. ಪತಿ ಹಡಗಿಗೆ ದಾರಿ ಮಾಡಿದರು, ಪತ್ನಿ ಮನುಷ್ಯರಿಗೆ ಮಾಡಿದರು ಎನ್ನಬಹುದು. ಆದರೆ ಆ ಮೇಜಿನ ಬಳಿಗೂ ದೊಡ್ಡ ಮನುಷ್ಯರೇ ಹೋದರೆಂಬುದು ಬೇರೆ ಮಾತು.

ತಿರುವನಂತಪುರದ ಟೆನ್ನಿಸ್ ಕ್ಲಬ್ಬು 1938ರದು. ಅದರ ಹಿಂದಿದ್ದವರು ಪೂಂಜಾರಿನ ರಾಜಮನೆತನದ ಗೋದವರ್ಮ ರಾಜ. ಮಹಾರಾಜ ಚಿತ್ತಿರ ತಿರುನಾಳ್ ಅವರ ಸಹೋದರಿಯನ್ನು ಮದುವೆಯಾದವರು. ಬೇಕಿದ್ದರೆ ಅರಮನೆಯ ಅಂಗಳದಲ್ಲೇ ಆಡಿಕೊಂಡು ಇರಬಹುದಾಗಿತ್ತು. ಹಾಗೆ ಕೂರದೆ 1954ರಲ್ಲಿ ತಿರುವಾಂಕೂರು–ಕೊಚ್ಚಿ ರಾಜ್ಯದ ಕ್ರೀಡಾ ಪರಿಷತ್ತನ್ನು ಕಟ್ಟಿದರು. 1971ರ ಏಪ್ರಿಲಿನಲ್ಲಿ ಕುಲು ಕಣಿವೆಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕ್ಲಬ್ಬಿಗೆ ಒಂದು ವರ್ಷ ಮೊದಲು, 1937ರಲ್ಲಿ, ಆಗ ತಿರುವಾಂಕೂರಿಗೇ ಸೇರಿದ್ದ ನಾಗರಕೋಯಿಲಿನಲ್ಲಿ ರಾಮನಾಥನ್ ಕೃಷ್ಣನ್ ಹುಟ್ಟಿದರು. 1959ರಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನ ಪಂದ್ಯಾಟ ಗೆದ್ದರು. 1960 ಮತ್ತು 1961ರಲ್ಲಿ ವಿಂಬಲ್ಡನ್ನಿನ ಸೆಮಿಫೈನಲ್ ತಲುಪಿದರು. ಅಂದಿನ ದೊಡ್ಡ ಪಂದ್ಯಾಟಗಳಲ್ಲಿ ಆಡುವವನು ಹವ್ಯಾಸಿಯಾಗಿರಬೇಕು, ಗೆದ್ದರೆ ಬಟ್ಟಲು ಸಿಗುತ್ತದೆ, ಹಣ ಸಿಗುವುದಿಲ್ಲ. ಕ್ಲಬ್ಬಿಗೆ ಇದು ಅನುಕೂಲವಾಗಿತ್ತು. ಹೋಗಿಬರುವ ಖರ್ಚು, ಊಟ, ವಸತಿ ಕೊಟ್ಟರೆ ಒಳ್ಳೆಯ ಆಟಗಾರರು ಬರುತ್ತಿದ್ದರು. ಬೀಗರನ್ನು ಉಪಚರಿಸುವಷ್ಟೇ ಖರ್ಚು.

1968ರ ಏಪ್ರಿಲಿನಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಇಂಗ್ಲೆಂಡಿನ ಬೋರ್ನ್‌ಮತ್ತಿನಲ್ಲಿ ವೆಸ್ಟ್ ಹ್ಯಾಂಟ್ಸ್ ಕ್ಲಬ್ಬಿನ ಅಂಗಳದಲ್ಲಿ ಹವ್ಯಾಸಿಗಳೂ ವೃತ್ತಿಯವರೂ ಮೊದಲ ಬಾರಿ ಎದುರುಬದುರಾದರು. ಗೆದ್ದ ಕೆನ್ ರೋಸ್‌ವಾಲ್‌ಗೆ 1,000 ಪೌಂಡು ಬಹುಮಾನ. ಮಹಿಳೆಯರಲ್ಲಿ ಗೆದ್ದ ವರ್ಜೀನಿಯಾ ವೇಡ್ ಇನ್ನೂ ಹವ್ಯಾಸಿ. ತನ್ನ 300 ಪೌಂಡನ್ನು ಬೇಡವೆಂದರು. ತಿಂಗಳ ಸಂಬಳದಲ್ಲಿ ಊರಿಗೆ ಮನಿಯಾರ್ಡರು ಕಳಿಸಿ ಉಳಿದುದನ್ನು ಎಣಿಸುವ ನಮಗೆ ಆಟಗಾರನು ಕೂಲಿ ಕೇಳಿದ್ದು ತಪ್ಪಾಗಿ ಕಾಣುವುದಿಲ್ಲ. ಆಡುವುದೂ ಮೈಮುರಿಯುವ ಕೆಲಸವೇ. ಆದರೆ ಹಳೆಯ ಕ್ಲಬ್ಬುಗಳಿಗೆ ಆ ಕೂಲಿಯ ಭಾರ ಹೊರುವುದು ಕಷ್ಟವಾಯಿತು.

ನಮ್ಮ ದೇಶವೂ ಈ ಹೊಸ ಸಂತೆಗೆ ಇಳಿಯಿತು. 1973ರಲ್ಲಿ ಇಂಡಿಯನ್ ಓಪನ್ ಶುರುವಾಯಿತು. ಅದಕ್ಕೆ ಸ್ವಂತ ಊರಿರಲಿಲ್ಲ. ಡೇರೆ ಕಿತ್ತುಕೊಂಡು ಹೋಗುವ ನಾಟಕದ ಕಂಪೆನಿಯಂತೆ ತಿರುಗಿತು. ಮೊದಲ ವರ್ಷ ದೆಹಲಿ. ಅಲ್ಲಿ ಮದರಾಸಿನ ಹುಡುಗ ವಿಜಯ್ ಅಮೃತರಾಜ್ ಆಸ್ಟ್ರೇಲಿಯದ ಮಾಲ್ ಆಂಡರ್ಸನ್ ಅವರನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದರು, ಕೊನೆಯ ಸೆಟ್ಟು 11–9. 1974ರಲ್ಲಿ ಮುಂಬಯಿ. 1975ರಲ್ಲಿ ಕಲ್ಕತ್ತೆ, ಅಲ್ಲಿಯ ಸೌತ್ ಕ್ಲಬ್ಬು 1920ರಲ್ಲಿ ಸ್ಥಾಪಿತವಾದ ಖಾಸಗಿ ಸಂಸ್ಥೆ. ಸ್ಪೇನಿನ ಮ್ಯಾನ್ಯುಯೆಲ್ ಒರಾಂಟೆಸ್ ಅಮೆರಿಕದ ಚಾಂಪಿಯನ್ ಆಗಿ ಇನ್ನೂ ಕೆಲವೇ ತಿಂಗಳಾಗಿತ್ತು. ಅಂಥವರನ್ನು ವಿಜಯ್ ನೇರ ಸೆಟ್ಟುಗಳಲ್ಲಿ ಮಣಿಸಿದರು. ಲೋಕದ ಮೊದಲ ಸಾಲಿನ ಆಟಗಾರನೊಬ್ಬ ನಮ್ಮ ಕಣ್ಣೆದುರೇ ಸೋಲುವುದನ್ನು ಟಿಕೆಟು ಕೊಂಡು ಕುಳಿತ ಸಾಮಾನ್ಯನೂ ನೋಡಿದ.

1976ರಲ್ಲಿ ಪಂದ್ಯಾಟ ನಮ್ಮ ಬೆಂಗಳೂರಿಗೇ ಬಂತು. ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯದ ಕಿಮ್ ವಾರ್ವಿಕ್ ಎದುರು ನಿಂತವರು ಶಶಿ ಮೆನನ್. ಇಲ್ಲಿ ಯಾವ ಆಫೀಸಿಗೆ ಹೋದರೂ ಎದುರಾಗುವ ಹೆಸರು, ಅಲ್ಲವೆ? ಮೆನನ್ ಸೋತರು. 1977ರಲ್ಲಿ ಮತ್ತೆ ವಿಜಯ್. 1979ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಗೆದ್ದವನು 18 ವರ್ಷದ ಫ್ರೆಂಚ್ ಹುಡುಗ ಯಾನಿಕ್ ನೋವಾ. ನಾಲ್ಕು ವರ್ಷದ ಬಳಿಕ ಪ್ಯಾರಿಸ್ಸಿನ ಪಟ್ಟವೂ ಅವನದಾಯಿತು. ಅದೇ ವರ್ಷದ ಕೊನೆಗೆ ಮುಂಬಯಿಯಲ್ಲಿ ವಿಜಯ್ ನಾಲ್ಕನೆಯ ಸಲ ಗೆದ್ದರು. ಅಲ್ಲಿಗೆ ಡೇರೆ ಬಿಚ್ಚಿದ್ದು ಮತ್ತೆ ಹೂಡಲಿಲ್ಲ.

ಏಕೆ ಹೂಡಲಿಲ್ಲ? ನಮ್ಮ ಎಣಿಕೆ ಹೀಗೆ. ವರ್ಷ ವರ್ಷ ಊರು ಬದಲಿಸುವ ಪಂದ್ಯಾಟಕ್ಕೆ ತನ್ನದೆನ್ನುವ ಜನವಿಲ್ಲ. ಊರ ಜಾತ್ರೆಗೆ ದಿನ ಗೊತ್ತಿರುತ್ತದೆ, ಜಾಗ ಗೊತ್ತಿರುತ್ತದೆ. ಮಳೆ ಬಂದರೂ ನಡೆಯುತ್ತದೆ. ಇದಕ್ಕೆ ಎರಡೂ ನಿಲ್ಲಲಿಲ್ಲ. ಇನ್ನು ಬಹುಮಾನದ ಹಣ ಏರುತ್ತ ಹೋದಾಗ ಅದನ್ನು ಕೊಡಬಲ್ಲವರು ಕಂಪೆನಿಗಳೇ ಹೊರತು ಸದಸ್ಯರ ಚಂದಾ ಅಲ್ಲ.

ಮುಂದೆ 1996ರಲ್ಲಿ ದೆಹಲಿಯಲ್ಲಿ ಅದೇ ದರ್ಜೆಯ ಪಂದ್ಯಾಟ ಮತ್ತೆ ಹುಟ್ಟಿ, ಮರುವರ್ಷ ಚೆನ್ನೈಗೆ ಹೋಯಿತು. ಅಲ್ಲಿ ಅದು ನಡೆದದ್ದು ಕ್ಲಬ್ಬಿನಲ್ಲಲ್ಲ, ನುಂಗಂಬಾಕ್ಕಮ್ಮಿನ ಸರಕಾರಿ ಕ್ರೀಡಾಂಗಣದಲ್ಲಿ. ಜಾಗ ಬದಲಾಗದ ಕಾರಣವೋ ಏನೋ, 2017ರವರೆಗೆ ಬಾಳಿತು. 2018ರಲ್ಲಿ ಪುಣೆಗೆ ಹೋಯಿತು, 2023ರ ಜನವರಿಯೇ ಕೊನೆ.

ಅದರ ಕೊನೆಯ ವರ್ಷಗಳ ಪಟ್ಟಿಯಲ್ಲಿ ನಮ್ಮವರೊಬ್ಬರ ಹೆಸರುಂಟು. ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಚೆನ್ನೈಯಲ್ಲಿಯೂ 2019 ಮತ್ತು 2022ರಲ್ಲಿ ಪುಣೆಯಲ್ಲಿಯೂ ಜೋಡಿ ಆಟದ ಪಟ್ಟ ಗೆದ್ದರು. 2024ರಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಪಟ್ಟವನ್ನೂ. ಪ್ರಶ್ನೆ ಕೇಳಿದ ಬಂಧುಗಳಿಗೆ ಇದನ್ನು ಹೇಳಿದೆವು. ಅವರು ಸಂತೋಷಪಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಗೋಡೆಯಾಚೆ ಈಗ ಆಡುವವರು ಯಾರು?" ಎಂದರು. ಸದಸ್ಯರು ಎಂದೆವು.